ತೇಲುವ ದ್ಯಾಮಿ ಮತ್ತು ಮೆಂತ್ಯದ ಪಾತಿ

ಬಹಳ ಬಹಳ ಹಿಂದೆ, ಜನ ಬಾವಿಗಳಿಗೂ ಹೆಸರಿಟ್ಟು ಕರೆಯುತ್ತಿದ್ದ ಕಾಲದಲ್ಲಿ, ಏಳುಬಾವಿ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಮನೆಗೊಂದು ಹಿತ್ತಲು, ಹಿತ್ತಲಿಗೊಂದು ತೋಟ. ಅದನ್ನು ಸೋವಿದೇವನೆಂಬ ರಾಜ ಆಳುತ್ತಿದ್ದ. ರಾಜ ಒಳ್ಳೆಯವನೇ, ಆದರೆ ಮಹಾ ಸೋಮಾರಿ. ಒಂದು ದಿನ ಘಟಂಕಾರನೆಂಬ ಮಾಂತ್ರಿಕ ಬಂದು, ಆನೆ ಮಲಗುವಷ್ಟು ದೊಡ್ಡ ತಾಮ್ರದ ತಪ್ಪಲೆಯೊಂದನ್ನು ಅರಮನೆಯ ಮುಂದಿಟ್ಟ. ಮನೆಮನೆಗೂ ಅದರ ಮರಿಯಂಥ ಒಂದೊಂದು ತಪ್ಪಲೆ ಹಂಚಿದ.

"ಇನ್ನು ಯಾರೂ ಅಗೆಯಬೇಡಿ, ಬಿತ್ತಬೇಡಿ, ಒಲೆ ಊದಬೇಡಿ. ಮುಚ್ಚಳ ತೆಗೆದರೆ ಊಟ ಸಿದ್ಧ," ಎಂದ.

ಜನ ಮುಚ್ಚಳ ತೆಗೆದರು. ಊಟ ಸಿದ್ಧವಿತ್ತು. ಬಿಸಿಯಾಗಿತ್ತು, ಸಿಹಿಯಾಗಿತ್ತು. ಯಾರಿಗೆ ಬೇಡ ಹೇಳಿ? ಗುದ್ದಲಿಗಳು ಅಟ್ಟ ಹತ್ತಿದವು, ಒಲೆಗಳಲ್ಲಿ ಬೆಕ್ಕುಗಳು ಮರಿ ಹಾಕಿದವು, ಹಿತ್ತಲುಗಳು ಗಟ್ಟಿಯಾಗಿ ಬಿರುಕು ಬಿಟ್ಟವು.

ಹನ್ನೆರಡು ವರ್ಷ ಕಳೆಯಿತು. ಒಂದು ಕಾಲಕ್ಕೆ ಮಣ್ಣು ಮುಟ್ಟಿ ಉಂಡಿದ್ದ ದೊಡ್ಡವರಿಗೆ ಏನೂ ಆಗಲಿಲ್ಲ. ತಪ್ಪಲೆಯ ಊಟವನ್ನಷ್ಟೇ ಉಂಡು ಬೆಳೆದ ಮಕ್ಕಳು ಮಾತ್ರ ಹಗುರಾಗುತ್ತ ಬಂದರು. ಮೊದಲು ಹಿಮ್ಮಡಿ ನೆಲ ಬಿಟ್ಟಿತು, ಆಮೇಲೆ ಬೆರಳು ಬಿಟ್ಟಿತು. ತಾಯಂದಿರು ಮಕ್ಕಳ ಸೊಂಟಕ್ಕೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟತೊಡಗಿದರು. ಮಕ್ಕಳ ತೂಕವೆಲ್ಲ ಘಟಂಕಾರನ ಮೈಗೆ ಸೇರುತ್ತಿತ್ತು. ಅವನು ನಡೆದರೆ ಬಾವಿಯ ನೀರು ತುಳುಕುತ್ತಿತ್ತು.

ಆ ಊರಿನಲ್ಲಿ ಭರಮ ಎಂಬ ತರುಣನಿದ್ದ. ತಾಯಿ ತಂದೆ ಇಲ್ಲದ ಅವನಿಗೆ ಇದ್ದವಳು ಆರು ವರ್ಷದ ತಂಗಿ ದ್ಯಾಮಿ ಒಬ್ಬಳೇ. ಊರಿನ ಮಕ್ಕಳಲ್ಲೆಲ್ಲ ಅವಳೇ ಹಗುರ. ಆಷಾಢದ ಗಾಳಿಗೆ ಇನ್ನು ಮೂವತ್ತೈದು ದಿನವಿತ್ತು. ಆ ಗಾಳಿಗೆ ಯಾವ ಹಗ್ಗವೂ ನಿಲ್ಲದೆಂದೂ, ಹಾರಿದ ಮಕ್ಕಳನ್ನು ತುಂಬಿಕೊಳ್ಳಲು ಮಾಂತ್ರಿಕ ದೊಡ್ಡ ಚೀಲ ಹೊಲಿಸುತ್ತಿದ್ದಾನೆಂದೂ ಜನ ಪಿಸುಗುಟ್ಟುತ್ತಿದ್ದರು. ಭರಮನಿಗೆ ಅನ್ನ ಸೇರುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ತಂಗಿಯ ಹಗ್ಗದ ಗಂಟು ಮುಟ್ಟಿ ನೋಡುತ್ತಿದ್ದ.

ಕೊನೆಗೆ ತಡೆಯಲಾರದೆ, ತಪ್ಪಲೆ ಬರುವ ಮೊದಲು ಅವ್ವ ಈ ಮನೆಯಲ್ಲಿ ಏನು ಮಾಡುತ್ತಿದ್ದಳೋ ಅದನ್ನೇ ಮಾಡುತ್ತೇನೆಂದು ಅಟ್ಟದಿಂದ ಗುದ್ದಲಿ ಇಳಿಸಿ ಹಿತ್ತಲು ಅಗೆದ. ಮೂರನೇ ಏಟಿಗೆ ನೆಲ ಬಾಯ್ಬಿಟ್ಟು, ಹೆಬ್ಬಾವಿನಷ್ಟು ದಪ್ಪದ ಒಂದು ಎರೆಹುಳು ಮೇಲೆದ್ದಿತು.

"ಹನ್ನೆರಡು ವರ್ಷದ ಮ್ಯಾಲ ನನ್ನ ಬಾಗಿಲು ಬಡದಾಂವ ಯಾರಪಾ?" ಎಂದಿತು.

"ನಾನಬೇ, ಭರಮ. ನನ್ನ ತಂಗಿ ಹಾರಿಹೋಗಾಕ ಹತ್ಯಾಳ," ಎಂದವನೇ ಭರಮ ಅತ್ತುಬಿಟ್ಟ.

ಎರೆಹುಳು ಬಾಯಿಂದ ಮೂರು ಹಿಡಿ ಮೆಂತ್ಯದ ಬೀಜ ಉಗುಳಿತು. "ಇವು ನಿಮ್ಮವ್ವ ಬಿಟ್ಟು ಹೋದ ಬೀಜ, ಇಟ್ಕೊಂಡು ಕುಂತಿದ್ದೆ. ಆ ಕೂಸು ತಾನಾ ಬಿತ್ತಬೇಕು, ತಾನಾ ಕಾಯಬೇಕು, ತಾನಾ ಬೇಯಿಸಿ ಉಣ್ಣಬೇಕು. ಅಂದ್ರ ಆಕೀ ಕಾಲು ನೆಲಾ ಮುಟ್ತಾವು. ಅಂಥಾ ಕೂಸಿನ ಕೈಯಾನ ಮಣ್ಣು ಬಿದ್ರ ದೊಡ್ಡ ತಪ್ಪಲಿನೂ ಒಡೀತೈತಿ. ನೀ ಬಾಯಿಲೆ ಹೇಳಿಕೊಡು, ಕೈಲೆ ಮಾಡಿಕೊಡಬ್ಯಾಡ. ಆಕೀ ಕೆಲಸಕ್ಕ ನಿನ್ನ ಒಂದು ಬೆರಳು ತಾಗಿದ್ರ ಎಲ್ಲಾ ಬೂದಿ!"

ಇಷ್ಟು ಹೇಳಿ ಅದು ಒಳಗೆ ಹೋಯಿತು. ಇಷ್ಟೇನಾ ಎಂದುಕೊಂಡ ಭರಮ. ಪಾಪ, ಅವನಿಗೆ ಅವನ ಕೈಗಳ ಪರಿಚಯವಿರಲಿಲ್ಲ.

ದ್ಯಾಮಿಯನ್ನು ಹಿತ್ತಲಿನ ಗೂಟಕ್ಕೆ ಕಟ್ಟಿ ಬೀಜ ಕೊಟ್ಟ. ಅವಳು ಗಾಳಿಯಲ್ಲಿ ಬೋರಲಾಗಿ ತೇಲುತ್ತ, ಬೀಜವನ್ನು ಒಂದೇ ಕಡೆ ಗುಡ್ಡೆ ಸುರಿದಳು. "ಅಯ್ಯ, ಹಂಗಲ್ಲ ತಂಗಿ!" ಎಂದು ಭರಮ ಕೈಯಾಡಿಸಿ ಹರವಿದ. ಐದು ದಿನ ಕಾದರೂ ಮೊಳಕೆ ಬರಲಿಲ್ಲ. ಕೆದಕಿದರೆ ಬೂದಿ.

ಎರಡನೇ ಹಿಡಿಯನ್ನು ದ್ಯಾಮಿ ಚೆನ್ನಾಗಿಯೇ ಬಿತ್ತಿದಳು. ಆದರೆ ಎತ್ತುವಾಗ ನೀರಿನ ತಂಬಿಗೆ ವಾಲಿತು. ಭರಮ ತಂಬಿಗೆಯ ಅಡಿ ಹಿಡಿದ, ಅಷ್ಟೇ. ಮತ್ತೆ ಐದು ದಿನ, ಮತ್ತೆ ಬೂದಿ.

ಆಷಾಢಕ್ಕೆ ಇಪ್ಪತ್ತೈದು ದಿನ ಉಳಿಯಿತು, ಬೀಜ ಒಂದೇ ಹಿಡಿ ಉಳಿಯಿತು. ಭರಮನ ಎದೆ ಡವಡವ ಬಡಿಯುತ್ತಿತ್ತು.

"ತಂಗೀ, ನನ್ನ ಕೈ ನನ್ನ ಮಾತು ಕೇಳಂಗಿಲ್ಲ," ಎಂದು ಎರಡೂ ಕೈ ಮುಂದೆ ಚಾಚಿದ. "ಕಟ್ಟಿಬಿಡವಾ."

ದಿನವೂ ಹಗ್ಗದಲ್ಲೇ ಬದುಕಿದ ಹುಡುಗಿಗೆ ಗಂಟು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅರಿಶಿನದ ದಾರ ತಂದು ಅಣ್ಣನ ಕೈಗಳನ್ನು ಬಿಗಿದಳು. ಎಳೆದು ನೋಡಿ ಇನ್ನೊಂದು ಗಂಟು ಹಾಕಿದಳು.

"ನೋವಾತೇನ ಯಣ್ಣಾ?"

"ಆಗ್ಲಿ ಬಿಡು. ಬೀಜ ತೆಳ್ಳಗ ಚೆಲ್ಲು. ಮ್ಯಾಲ ಬೆರಳಿನಷ್ಟು ಮಣ್ಣು ಉದರಸು. ನೀರು ಅಂಗೈಲೆ ಸಿಂಪಡಸು."

ದ್ಯಾಮಿ ಚೆಲ್ಲಿದಳು, ಉದುರಿಸಿದಳು, ಸಿಂಪಡಿಸಿದಳು. ನಾಲ್ಕನೇ ದಿನ ಪಾತಿಯ ತುಂಬ ಹಸಿರು ಮೊಳಕೆ. ಅದು ಅವಳು ಕಂಡ ಮೊದಲ ಮೊಳಕೆ. ಉಂಡೆಯಂತೆ ಸುತ್ತಿಕೊಂಡು ಗಾಳಿಯಲ್ಲೇ ನಾಲ್ಕು ಪಲ್ಟಿ ಹೊಡೆದಳು. ಭರಮನಿಗೆ ಮಾತ್ರ ಗೂಟ ಅಲುಗಿದ್ದೇ ಕಾಣಿಸಿತು.

ಸೊಪ್ಪು ಗೇಣುದ್ದವಾಗುವ ಹೊತ್ತಿಗೆ ಘಟಂಕಾರನ ಮೂಗಿಗೆ ಮೆಂತ್ಯದ ವಾಸನೆ ಬಡಿಯಿತು. ಅವನು ತಾಮ್ರದ ಕೊಕ್ಕಿನ, ತಾಮ್ರದ ಕಾಲಿನ, ಕರುವಿನಷ್ಟು ಎತ್ತರದ ಹುಂಜವೊಂದನ್ನು ಬಿಟ್ಟ. ನಡುಹಗಲಿಗೆ ಹುಂಜ ಗೋಡೆ ಹಾರಿ ಪಾತಿಗೆ ನುಗ್ಗಿ, ಕೆದರಲು ಕಾಲೆತ್ತಿತು.

"ಹುಶ್! ನಂದದು!" ಎಂದು ದ್ಯಾಮಿ ಅಡ್ಡ ಬಂದಳು. ಹುಂಜ ತಿರುಗಿ ಅವಳ ಹಗ್ಗವನ್ನು ಕುಕ್ಕಿತು. ಒಂದು ಎಳೆ ಹರಿಯಿತು. ಇನ್ನೊಂದು ಹರಿಯಿತು. ಪಾತಿಯ ಕೆಲಸದ ಹೊತ್ತಿಗೆಲ್ಲ ಕಟ್ಟುವಂತೆ ಅಂದೂ ಭರಮನ ಕೈ ಕಟ್ಟಿತ್ತು. ಹಲ್ಲಿನಿಂದ ದಾರ ಕಚ್ಚಲು ಹೋದವನು, ಬೂದಿಯ ನೆನಪಾಗಿ ನಿಂತ. ಅವನ ಹಣೆಯಿಂದ ಬೆವರು ಧಾರಾಕಾರ ಇಳಿಯಿತು.

"ಗಂಟು ಹಾಕ ದ್ಯಾಮೀ! ನಿನಗ ಬರೋದು ಅದಾ ಅಲ್ಲೇನ!"

ಹಗ್ಗ ತುಂಡಾಯಿತು. ಮೇಲೇರುತ್ತಲೇ ದ್ಯಾಮಿ ಸೊಂಟದಲ್ಲಿ ಉಳಿದ ಹಗ್ಗದ ತುದಿಯನ್ನು ಹುಂಜದ ಕುತ್ತಿಗೆಗೆ ಸುತ್ತಿ, ಜೋತು ಬಿದ್ದು, ಅದರ ಕಾಲುಗಳನ್ನೂ ಸೇರಿಸಿ ಏಳು ಗಂಟು ಬಿಗಿದಳು. ತಾಮ್ರದ ಹುಂಜ ಪಾತಿಯ ಅಂಚಿಗೆ ದಪ್ಪೆಂದು ಬಿತ್ತು. ಅಷ್ಟು ಭಾರದ ಹುಂಜ ಗೂಟಕ್ಕಿಂತ ಒಳ್ಳೆಯ ಗೂಟವಾಯಿತು.

ಇಪ್ಪತ್ತೈದನೇ ದಿನ ಬೆಳಗಾಗುತ್ತಲೇ ಗಾಳಿ ಎದ್ದಿತು. ಹೆಂಚುಗಳು ಕಟಕಟ ಅಂದವು. ಬೀದಿಯಲ್ಲಿ ಘಟಂಕಾರನ ಹೆಜ್ಜೆ ದಡ್ ದಡ್ ಎಂದು ಕೇಳಿಸಿತು. ಮಕ್ಕಳೆಲ್ಲ ಹಗ್ಗದ ತುದಿಯಲ್ಲಿ ಗಾಳಿಪಟದಂತೆ ಹಾರಾಡುತ್ತ ಚೀರುತ್ತಿದ್ದರು. ಭರಮ ಬಾಗಿಲು ಹಾಕಿಕೊಂಡು, ತಂಗಿಯನ್ನು ಒಲೆಯ ಪಕ್ಕದ ಕಂಬಕ್ಕೆ ಕಟ್ಟಿ, ಅವಳ ಮುಂದೆ ಮತ್ತೆ ಕೈ ಚಾಚಿದ. ಅವಳು ಮತ್ತೆ ಕಟ್ಟಿದಳು.

"ಈಳಿಗಿ ಮ್ಯಾಲ ಕಾಲಿಟ್ಟು ಒತ್ತಿ ಹಿಡಿ. ಬೆರಳು ಒಳಗ ಮಡಚು. ಹೂಂ, ನಿಧಾನಕ."

ಸೊಪ್ಪು ದೊಡ್ಡ ಚೂರು, ಸಣ್ಣ ಚೂರು, ದಂಟು ಸಮೇತ ಉದುರಿತು. ಬೆಕ್ಕನ್ನು ಎಬ್ಬಿಸಿ ಒಲೆ ಹಚ್ಚಿದಳು. ಊದಿ ಊದಿ ಕಣ್ಣು ಕೆಂಪಾಯಿತು. ಬೋಗುಣಿ ಇಡುವಾಗ ಬೆರಳು ತಾಗಿತು.

"ಯಣ್ಣಾ ಸುಟ್ಟಿತು! ಯಣ್ಣಾ ನೀ ಮಾಡು!"

ದಾರ ಹರಿಯುವಷ್ಟು ಭರಮನ ಕೈ ಎಳೆಯಿತು. ಹೊರಗೆ ಹೆಜ್ಜೆ ಹತ್ತಿರ ಬಂತು. ಅವನು ಕಟ್ಟಿದ ಕೈಗಳನ್ನು ಮಂಡಿಗಳ ನಡುವೆ ಅದುಮಿ ಕುಳಿತುಬಿಟ್ಟ.

"ತಣ್ಣೀರಾಗ ಬೆರಳು ಅದ್ದು, ನನ್ನವ್ವಾ," ಎಂದ. "ಆಮ್ಯಾಲ ಉಪ್ಪು ಹಾಕು. ನಾ ಇಲ್ಲೇ ಅದೀನಿ."

ಅವಳು ಬೆರಳು ಅದ್ದಿದಳು, ಅತ್ತಳು, ಉಪ್ಪು ಹಾಕಿದಳು. ಪಲ್ಯ ಒಂದು ಕಡೆ ಸೀದಿತ್ತು, ಒಂದು ಕಡೆ ಹಸಿಯಿತ್ತು. ತುತ್ತು ಬಾಯಿಗಿಟ್ಟಳು. ಹುಟ್ಟಿದಾಗಿನಿಂದ ಸಿಹಿಯೊಂದನ್ನೇ ಉಂಡ ಹುಡುಗಿ ಮುಖ ಕಿವುಚಿದಳು. ಉಗುಳಿಬಿಟ್ಟರೆ?

"ಕಹಿ ಐತಿ," ಎಂದಳು ದ್ಯಾಮಿ. ಮೆಲ್ಲಗೆ ಅಗಿದಳು. "ಆದ್ರ ನಂದು."

ನುಂಗಿದಳು. ದಪ್ ಎಂದು ಎರಡು ಹಿಮ್ಮಡಿ ನೆಲಕ್ಕೆ ತಾಗಿದವು. ಭರಮ ಗೊಳೋ ಎಂದು ಅತ್ತ.

ಅವನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ದ್ಯಾಮಿ ಕಂಬದಿಂದ ಹಗ್ಗ ಬಿಚ್ಚಿಕೊಂಡು, ಪಾತಿಯ ಮಣ್ಣನ್ನು ಉಡಿಯಲ್ಲಿ ತುಂಬಿಕೊಂಡು ಬೀದಿಯಲ್ಲಿ ಓಡುತ್ತಿದ್ದಳು. ಘಟಂಕಾರ ಚೀಲ ಬಿಚ್ಚಿ ಬಾಚಿಕೊಳ್ಳಲು ಬಂದ. ಗಾಳಿ ಅವಳನ್ನು ಎತ್ತಲೇ ಇಲ್ಲ. ಅವಳು ಅವನ ಕಾಲಸಂದಿಯಲ್ಲಿ ನುಸುಳಿ, ಅರಮನೆಯ ಮುಂದಿನ ದೊಡ್ಡ ತಪ್ಪಲೆಗೆ ಮಣ್ಣು ಸುರಿದಳು. ತಪ್ಪಲೆ ಠಣ್ ಎಂದು ಬಿರಿದು ಹೋಳಾಯಿತು. ಮನೆಮನೆಯ ತಪ್ಪಲೆಗಳೂ ಒಡೆದವು. ಊರಿನ ಮಕ್ಕಳೆಲ್ಲ ಧೊಪ್ ಧೊಪ್ ಎಂದು ತಾಯಂದಿರ ತೆಕ್ಕೆಗೆ ಬಿದ್ದರು.

ಇತ್ತ ಘಟಂಕಾರನ ಹಿಮ್ಮಡಿ ನೆಲ ಬಿಟ್ಟಿತು. ಆಮೇಲೆ ಬೆರಳು ಬಿಟ್ಟಿತು. "ಅಯ್ಯೋ, ಹಿಡಿಯಿರಿ! ಯಾರಾದರೂ ಹಿಡಿಯಿರಿ!" ಎಂದು ಕೈಕಾಲು ಬಡಿದ. ಯಾರೂ ಹಿಡಿಯಲಿಲ್ಲ. ದ್ಯಾಮಿಯೇ ತನ್ನ ಸೊಂಟದ ಹಳೆಯ ಹಗ್ಗ ಬಿಚ್ಚಿ ಎಸೆದು, ಅವನನ್ನು ಊರಬಾಗಿಲಿನ ಕಂಬಕ್ಕೆ ಕಟ್ಟಿದಳು.

"ಬೀಜ ಕೊಡ್ತೀನಿ," ಎಂದಳು. "ನೀನಾ ಬಿತ್ತಬೇಕು ಮತ್ತ."

ಮಂತ್ರ ಬೆರೆಸಲು ಹೋಗಿ ಮೂರು ಸಲ ಬೂದಿ ಮಾಡಿಕೊಂಡ; ನಾಲ್ಕನೇ ಸಲ ಅವನ ಮೆಂತ್ಯ ಚಿಗುರಿತು. ಆಮೇಲೆ ಅವನು ಮಂತ್ರ ಮರೆತು ಊರಿಗೆ ನೀರೆತ್ತಿಕೊಂಡು ಸುಖವಾಗಿದ್ದ. ರಾಜ ಸೋವಿದೇವನೂ ಹೆಗಲ ಮೇಲಿನ ವಲ್ಲಿಯನ್ನು ಸೊಂಟಕ್ಕೆ ಬಿಗಿದು ಬದನೆ ನೆಟ್ಟ. ಎರೆಹುಳು ವಾರಕ್ಕೊಮ್ಮೆ ಮೇಲೆ ಬಂದು ಎಲ್ಲರ ಯೋಗಕ್ಷೇಮ ಕೇಳಿ ಹೋಗುತ್ತಿತ್ತು.

ಅಂದಿನಿಂದ ಏಳುಬಾವಿಯಲ್ಲಿ, ಮಗು ಮೊದಲ ಸಲ ಒಲೆ ಹಚ್ಚುವ ದಿನ, ಮನೆಯ ದೊಡ್ಡವರೆಲ್ಲ ಸಾಲಾಗಿ ಕುಳಿತು ಕೈ ಚಾಚುತ್ತಾರೆ. ಮಗು ಅರಿಶಿನದ ದಾರದಿಂದ ಕಟ್ಟುತ್ತದೆ. ಭರಮ ಮುದುಕನಾದ ಮೇಲೆ, ದ್ಯಾಮಿಯ ಮೊಮ್ಮಗಳು ಒಲೆಯ ಮುಂದೆ ಕುಳಿತ ದಿನವೂ ಅವನ ಎದೆ ಹಾಗೇ ಬಡಿಯಿತು. "ಕೂಸೇ ಉರಿ ನೋಡ, ಕೂಸೇ ಬೆರಳು ನೋಡ, ಕೂಸೇ..." ಎಂದು ಒಂದೇ ಸಮ ಹೇಳುತ್ತಿದ್ದ.

ಹುಡುಗಿ ಸೌಟು ಹಿಡಿದು ತಿರುಗಿದಳು. ಕೈಯಲ್ಲಿ ದಾರ ಇನ್ನೂ ಉಳಿದಿತ್ತು.

"ಯಜ್ಜಾ, ಬಾಯಿನೂ ಕಟ್ಟಲೇನ?" ಎಂದಳು.