ಖಾಲಿಗೆ ಬೀಸಿದ ಕೈ

ಹಿರೋಳ್ಳಿಯಿಂದ ಆಳಂದಕ್ಕೆ ಹೋಗುವ ಸಂಜೆ ಬಸ್ಸಿನಲ್ಲಿ ಮೈತ್ರಿ ಟೀಚರ್ ಮೊದಲ ದಿನವೇ ಕಂಡಕ್ಟರನನ್ನು ಗದರಿಸಿ ಕಳಿಸಿದಳಂತೆ. ಹಾಗಂತ ಅವನು ಹೇಳುತ್ತಾನೆ. ನಿಜವೆಂದರೆ ಅವಳು ತುಟಿ ಪಿಟಕ್ಕೆಂದಿರಲಿಲ್ಲ.

ಕಿಟಕಿ ಪಕ್ಕ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮರುದಿನದ ಸಂಗೀತ ಪಾಠಕ್ಕೆಂದು ತೊಡೆಯ ಮೇಲೆ ಕೆಹರ್ವಾ ತಾಳ ಹಾಕುತ್ತಿದ್ದಳು. ಎಂಟು ಮಾತ್ರೆಯ ತಾಳ. ಮೊದಲನೆಯ ಮಾತ್ರೆಗೆ ಸಮ ಅನ್ನುತ್ತಾರೆ, ಅಲ್ಲಿ ತಟ್ಟಬೇಕು. ಐದನೆಯದು ಖಾಲಿ, ಅಲ್ಲಿ ತಟ್ಟದೆ ಅಂಗೈಯನ್ನು ಗಾಳಿಗೆ ಬೀಸಿಬಿಡಬೇಕು. ಕಂಡಕ್ಟರ್ ಪ್ರಬುದ್ಧ ಟಿಕೆಟ್ ಮಷಿನ್ ಹಿಡಿದು ಪಕ್ಕಕ್ಕೆ ಬಂದು ನಿಂತದ್ದೂ ಅವಳ ಖಾಲಿ ಬಂದದ್ದೂ ಒಂದೇ ಗಳಿಗೆ. ಹೋಗಾಚೆ ಅನ್ನುವಂತೆ ಕೈ ಬೀಸಿತು.

“ಟಿಕೆಟ್ ಬ್ಯಾಡೇನ್ರಿ ಮೇಡಂ? ಹೆಣ್ಮಕ್ಕಳಿಗೆ ಫ್ರೀ ಅದ ಖರೆ, ಆದ್ರೂ ತಗೋಬೇಕಾಗ್ತದ.”

ಅವಳು ಇಯರ್‌ಫೋನ್ ಕಿತ್ತಳು. ಒಬ್ಬಳೇ ಕೂತು ತಾಳ ಹಾಕುವ ಹೆಂಗಸನ್ನು ಜನ ಏನೆಂದುಕೊಂಡಾರು ಅಂತ ನಾಚಿಕೆಯಾಗಿ, “ಲಕ್ಷ್ಯ ಇರಲಿಲ್ರಿ” ಅಂದಳಷ್ಟೇ. ಅವನು ನಕ್ಕ. ಮುಂದಿನ ಹಲ್ಲೊಂದು ತುಸು ಓರೆಯಾಗಿದ್ದು, ನಕ್ಕಾಗ ಮಾತ್ರ ಕಾಣುತ್ತಿತ್ತು. ಆ ಕೈ ಯಾಕೆ ಬೀಸಿತೆಂದು ಅಂದೇ ಬಿಡಿಸಿ ಹೇಳಿದ್ದರೆ ಮುಂದಿನ ಫಜೀತಿ ಆಗುತ್ತಿರಲಿಲ್ಲ. ಆದರೆ ಮೈತ್ರಿಗೆ ಮಾತಿನ ರೂಢಿ ತಪ್ಪಿ ಬಹಳ ಕಾಲವಾಗಿತ್ತು.

ಅವಳ ಊರು ಜೇವರ್ಗಿ. ತಾಯಿ ತೀರಿಕೊಂಡ ಮೇಲೆ, ವಾರಕ್ಕೊಮ್ಮೆ ಬರುತ್ತಿದ್ದ ಅಣ್ಣನ ಫೋನು ಹಬ್ಬಕ್ಕೊಮ್ಮೆ ಬರತೊಡಗಿತು. ಆಳಂದದಲ್ಲಿ ನಜಮುನ್ನಿಸಾ ಬೀಯವರ ಮನೆಯ ಮೇಲೆ ಅವಳದೊಂದು ಬಾಡಿಗೆ ಖೋಲಿ. ಬೀಗ ತೆಗೆದ ಕೂಡಲೇ ಮೊಬೈಲಿನಲ್ಲಿ ತಾನ್‌ಪುರಾ ಆ್ಯಪ್ ಹಚ್ಚಿ ಗ್ಯಾಸ್ ಒಲೆಯ ಪಕ್ಕ ಇಡುತ್ತಿದ್ದಳು. ರಿಯಾಜಿಗಲ್ಲ. ಮನೆಯಲ್ಲಿ ಇನ್ನೊಬ್ಬರು ಇದ್ದ ಹಾಗಿರಲಿ ಅಂತ.

ಹಿರೋಳ್ಳಿಯ ಶಾಲೆಯಲ್ಲಿ ಮಾತ್ರ ಅವಳು ಬೇರೆಯೇ ಆಗುತ್ತಿದ್ದಳು. ಅಲ್ಲಿನ ಹಾರ್ಮೋನಿಯಂ ಅರ್ಧ ಸ್ವರ ನುಂಗುತ್ತಿತ್ತು, ತಬಲಾ ಇರಲೇ ಇಲ್ಲ. “ನಿಮ್ಮ ನಿಮ್ಮ ಮನಿಯಿಂದ ಒಂದೊಂದು ಸದ್ದು ತರ್ರಿ” ಅಂದಳು ಮಕ್ಕಳಿಗೆ. ಒಂಬತ್ತನೇ ಇಯತ್ತೆಯ ಸೀಮಾ, ತಾಯಿ ಜೋಳದ ರೊಟ್ಟಿ ಬಡಿಯುವುದನ್ನು ಬೆಂಚಿನ ಮೇಲೆ ಬಡಿದು ತೋರಿಸಿದಳು. ಇನ್ನೊಬ್ಬಳು ಅಜ್ಜಿ ಮೊರದಲ್ಲಿ ತೊಗರಿ ಕೇರುವ ಸದ್ದನ್ನು ಕಂಪಾಸ್ ಬಾಕ್ಸ್ ಕುಲುಕಿ ಮಾಡಿದಳು. ರೊಟ್ಟಿಯ ಬಡಿತಕ್ಕೆ ಎಂಟು ಮಾತ್ರೆ ಸರಿಯಾಗಿ ಕೂತಾಗ ಕ್ಲಾಸಿಗೆ ಕ್ಲಾಸೇ ಕುಣಿಯಿತು.

“ಟೀಚರ್, ನಿಮ್ಮ ಮನಿ ಸದ್ದು ಯಾವ್ದ್ರಿ?” ಸೀಮಾ ಕೇಳಿದಳು.

“ಫ್ಯಾನು.”

ಮಕ್ಕಳು ಹೋ ಅಂತ ನಕ್ಕರು. ಅವಳೂ ನಕ್ಕಳು. ಸಂಜೆ ಬಸ್ಸಿನಲ್ಲಿ ಕಿಟಕಿಯತ್ತ ಮುಖ ಮಾಡಿ ಕೂತಾಗ ಕಣ್ಣು ತುಂಬಿಕೊಂಡವು.

ಪ್ರಬುದ್ಧ ಅದನ್ನು ನೋಡಿದ. ಏನಾಯಿತು ಅಂತ ಕೇಳಲಿಲ್ಲ. ಪಕ್ಕದ ಸೀಟಿನಲ್ಲಿ ದಿನವೂ ಕೂರುವ ಅವಳ ಬ್ಯಾಗನ್ನು ಗಂಭೀರವಾಗಿ ನೋಡಿ, “ಇವ್ರಿಗೂ ಒಂದು ಟಿಕೆಟ್ ಹರೀಲೇನ್ರಿ ಟೀಚರ್?” ಅಂದ.

“ಅದೂ ಹೆಣ್ಣೇ ಅದರಿ. ಫ್ರೀ.”

“ಹಂಗಾರ ಆಧಾರ್ ಕಾರ್ಡ್ ತೋರಸ್ಲಿ.”

ಎಷ್ಟೋ ದಿನದ ಮೇಲೆ ಅವಳಿಗೆ ಮನಸಾರೆ ನಗು ಬಂತು. ಅಲ್ಲಿಂದ ಸಂಜೆಗಳು ಸ್ವಲ್ಪ ಬದಲಾದವು. ಅವನು ಅಫಜಲಪುರದವನು, ಮದುವೆಯ ಮಾತು ಎರಡು ಸಲ ಬಂದು ಮುರಿದಿದೆ, ತಾಯಿ ರುಕ್ಮಿಣಿಬಾಯಿ ಊರಲ್ಲಿದ್ದಾಳೆ ಅನ್ನುವುದೆಲ್ಲ ಟಿಕೆಟಿನ ಜೊತೆ ಒಂದೊಂದಾಗಿ ಬಂತು. ಬಸ್ಸಿನ ಕಂಬಿಗೆ ಅವನು ಒಂದು ಸಲ ಬಡಿದರೆ ಡ್ರೈವರ್ ಕರೀಮಸಾಬ ನಿಲ್ಲಿಸಬೇಕು, ಎರಡು ಸಲ ಬಡಿದರೆ ಹೊರಡಬೇಕು. ಮೈತ್ರಿ ಅದನ್ನೂ ಕ್ಲಾಸಿಗೆ ಒಯ್ದಳು, ಹಾಡು ನಿಲ್ಲಿಸಲು ಒಂದು, ಎತ್ತಿಕೊಳ್ಳಲು ಎರಡು. ಆ ಸುದ್ದಿ ಹೇಳಿದ ದಿನ ಅವನು ಆಳಂದದ ತನಕ ಪ್ರತಿ ಸ್ಟಾಪಿನಲ್ಲೂ ಲಯ ತಪ್ಪಬಾರದೆಂದು ಜೋಪಾನವಾಗಿ ಬಡಿದ. ಓರೆಗಣ್ಣಿನಿಂದ ನೋಡುತ್ತ ಅವಳು ಸೆರಗಿನ ಮರೆಯಲ್ಲಿ ನಕ್ಕಳು.

ಆಮೇಲೆ ಒಂದು ದಿನ, ಏನಾಯಿತೋ, ಎಲ್ಲ ನಿಂತುಹೋಯಿತು. ಅವಳು ಕಣ್ಣು ಮುಚ್ಚಿ ಹೊಸ ಪಾಠದ ತಾಳದಲ್ಲಿ ಮುಳುಗಿದ್ದಳು. ಕಣ್ಣು ಬಿಟ್ಟಾಗ ಪ್ರಬುದ್ಧ ಅವಳ ಸೀಟಿನ ಹಿಂದಿನಿಂದ ಸರಿದು ಹಿಂಬಾಗಿಲ ಕಡೆ ಹೋಗುತ್ತಿದ್ದ. ಮರುದಿನದಿಂದ ಟಿಕೆಟ್ ಕೊಟ್ಟರೆ ಮುಗಿಯಿತು. ಬ್ಯಾಗಿನ ಕಡೆ ಅವನು ತಿರುಗಿಯೂ ನೋಡಲಿಲ್ಲ.

ತನ್ನಿಂದ ಏನು ತಪ್ಪಾಯಿತೆಂದು ಅವಳು ಹುಡುಕಿದ್ದೇ ಹುಡುಕಿದ್ದು. ಕೇಳೋಣವೆಂದರೆ ಯಾವ ಹಕ್ಕಿನಿಂದ ಕೇಳುವುದು? ಖೋಲಿಯಲ್ಲಿ ತಾನ್‌ಪುರಾ ಹಚ್ಚುವುದನ್ನು ಬಿಟ್ಟಳು. ಒಬ್ಬ ಮನುಷ್ಯನ ಬಡಿತ ಕೇಳಿದ ಕಿವಿಗೆ ಆ ಮಷಿನ್ನಿನ ಶ್ರುತಿ ಸಾಲುತ್ತಿರಲಿಲ್ಲ.

ಶುಕ್ರವಾರ ಬಸ್ ಹತ್ತುವಾಗ ಕರೀಮಸಾಬ ಅಂದ, “ಟೀಚರಮ್ಮಾ, ನಮ್ಮ ಕಂಡಕ್ಟರ್ ಸೋಮವಾರದಿಂದ ಬ್ಯಾರೆ ಗಾಡಿಗೆ ಹೊಂಟಾನ. ತಾನೇ ಕೇಳಿ ಹಾಕಿಸ್ಕೊಂಡಾನ.”

ಅವಳು ಮನಸ್ಸಿನಲ್ಲೇ ದಿನ ಎಣಿಸಿದಳು. ಶನಿವಾರ ಶಾಲೆ ಅರ್ಧ ದಿನ, ಸಂಜೆ ಬಸ್ಸು ಅವಳಿಗಿಲ್ಲ. ಅಂದರೆ ಇವತ್ತೇ ಕಡೆ.

ಅಂದೇ ಶಾಲೆಯಲ್ಲೂ ಒಂದು ಆಗಿತ್ತು. ಹೆಡ್‌ಮಾಸ್ತರರು ಸಂಗೀತದ ಪಿರಿಯಡ್ಡನ್ನು ಗಣಿತದ ಸ್ಪೆಷಲ್ ಕ್ಲಾಸಿಗೆ ಕೊಟ್ಟುಬಿಟ್ಟಿದ್ದರು. ದಾರಿಯ ಹಳ್ಳಿಗಳ ಮಕ್ಕಳೆಲ್ಲ ಇದೇ ಬಸ್ಸಿನಲ್ಲಿ ಮನೆಗೆ ಹೋಗುವವರು. “ನಮ್ಮ ಕ್ಲಾಸ್ ಎಲ್ಲಿ ಹೋತ್ರಿ ಟೀಚರ್?” ಅಂದಳು ಸೀಮಾ ಮುಖ ಸಣ್ಣದು ಮಾಡಿಕೊಂಡು.

“ಎಲ್ಲೂ ಹೋಗಿಲ್ಲ. ಇಲ್ಲೇ ಮಾಡೋಣು. ಇಂಜಿನ್ ಲಯ ಹಿಡೀರಿ.”

ಬಸ್ಸು ಹೊರಟಿತು. ಮುಂದಿನ ಸೀಟಿನ ಬೆನ್ನೇ ಮಕ್ಕಳ ತಬಲಾ ಆಯಿತು. ಸಮಕ್ಕೆ ತಟ್ಟಿದರು, ಎರಡು ಮೂರು ನಾಲ್ಕು ಬೆರಳಲ್ಲಿ ಎಣಿಸಿದರು, ಐದಕ್ಕೆ ಇಡೀ ಬಸ್ಸಿನ ಮಕ್ಕಳ ಕೈ ಒಟ್ಟಿಗೆ ಗಾಳಿಗೆ ಬೀಸಿತು. ಮತ್ತೆ ಸಮ, ಮತ್ತೆ ಖಾಲಿ. ಮೈತ್ರಿ ತಲೆ ಎತ್ತಿದಾಗ ಹಿಂಬಾಗಿಲಲ್ಲಿ ಪ್ರಬುದ್ಧ ಟಿಕೆಟ್ ಹರಿಯುವುದನ್ನು ಮರೆತು ಆ ಕೈಗಳನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಮುಖ ಕೆಂಪಾಯಿತು.

ಮಕ್ಕಳು ತಮ್ಮ ತಮ್ಮ ಊರಲ್ಲಿ ಇಳಿದುಹೋದರು. ಉಳಿದ ಪ್ರಯಾಣಿಕರೂ ಇಳಿದರು. ಅವನು ಬಂದು ಅವಳ ಸೀಟಿನ ಪಕ್ಕ ನಿಂತ.

“ಟೀಚರ್, ಹುಡುಗ್ರು ಎಲ್ಲಾರೂ ಕೂಡಿ ಹಿಂಗ ಕೈ ಬೀಸಿದ್ರಲ್ಲ, ಏನ್ರಿ ಅದು?”

“ಖಾಲಿ.”

“ಸೀಟು ಖಾಲಿ ಅಂತೀವಲ್ಲ, ಆ ಖಾಲಿ ಏನ್ರಿ?”

“ಅದೇ. ಅಲ್ಲಿ ಬಡೀಬಾರ್ದು. ಕೈ ಬೀಸಿ ಬಿಡಬೇಕು.”

“ಬ್ಯಾಡ ಅಂತ ಅಲ್ಲ?”

“ಯಾರಿಗೆ ಬ್ಯಾಡ?”

ಅವನು ಮಷಿನ್ನಿನ ಬೆಲ್ಟು ಸರಿಮಾಡಿಕೊಂಡ. “ನನಗ. ಆವತ್ತು ನಿಮ್ಮ ಹಿಂದ ನಿಂತು ಒಂದು ಮಾತು ಕೇಳಿದ್ದೆ. ನಮ್ಮವ್ವ ನಿಮ್ಮನ್ನ ನೋಡಬೇಕಂತಾಳ, ಐತವಾರ ಕರ್ಕೊಂಡು ಬರ್ಲೇನ್ರಿ ಅಂತ. ನೀವು ಹೊಳ್ಳಿ ನೋಡ್ಲಿಲ್ಲ. ಕೈ ಬೀಸಿದ್ರಿ.”

ಮೈತ್ರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಷ್ಟು ಸಂಜೆಗಳು, ಇಬ್ಬರೂ ಒಂದೇ ಬಸ್ಸಿನಲ್ಲಿ, ಒಬ್ಬರಿಗೊಬ್ಬರು ಬೇಡವಾದೆವೆಂದು ಕೂತಿದ್ದರು.

“ಕಿವ್ಯಾಗ ಇಯರ್‌ಫೋನ್ ಇತ್ರಿ ನಂದು. ನಾ ಕೇಳೇ ಇಲ್ಲ. ಒಂದ್ಸಲ ಭುಜ ಮುಟ್ಟಿ ಕರೀಬಾರ್ದಿತ್ತೇನು?”

“ಕಂಡಕ್ಟರ್ ಇದ್ದೇನ್ರಿ. ಹೆಣ್ಮಕ್ಕಳ ಭುಜ ಮುಟ್ಟಂಗಿಲ್ಲ.”

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

“ಈಗ ಡ್ಯೂಟಿ ಬದಲ್ ಆಗ್ಯದ” ಅಂದ ಅವನು ಮೆಲ್ಲಗೆ. “ಸೋಮವಾರದಿಂದ ಈ ಗಾಡಿಗೆ ನಾ ಇರಂಗಿಲ್ಲ.”

“ಸೋಮವಾರಕ್ಕಿಂತ ಮೊದಲ ಐತವಾರ ಬರ್ತದಲ್ರಿ.”

ಪ್ರಬುದ್ಧ ಅವಳನ್ನೇ ನೋಡಿದ. ಓರೆ ಹಲ್ಲು ಕಾಣಿಸಿಯೂ ಕಾಣಿಸದಂತಿತ್ತು. “ಖಾಲಿ ಆದ ಮ್ಯಾಲೆ ಏನ್ ಬರ್ತದ ಟೀಚರ್?”

“ಹೊಳ್ಳಿ ಸಮಕ್ಕ ಬರಬೇಕು.”

“ಹಂಗಾರ ಮತ್ತೊಮ್ಮೆ ಕೇಳ್ಲೇನ್ರಿ?”

ಅವಳು ಪಕ್ಕದ ಸೀಟಿನ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಅವನು ಸೀಟಿನ ಅಂಚಿಗೆ, ಅರ್ಧ ಮೈಯಲ್ಲಿ ಕೂತ. ಹೊರಗೆ ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು.

“ಐತವಾರ ಅವ್ವನ್ನ ಕರ್ಕೊಂಡು ಬರ್ಲೇನ್ರಿ?”

ಹೂಂ ಅನ್ನಬೇಕು. ಅದಕ್ಕಿಂತ ಮೊದಲು ಸಮ ನೆನಪಾಯಿತು. ಅವಳು ಕೈ ಎತ್ತಿ ಮುಂದಿನ ಸೀಟಿನ ಕಂಬಿಗೆ ಜೋರಾಗಿ ಒಮ್ಮೆ ತಟ್ಟಿದಳು.

ಗಕ್ಕನೆ ಬ್ರೇಕ್ ಬಿತ್ತು. ಬಯಲ ನಡುವೆ ಬಸ್ಸು ನಿಂತಿತು.

“ಯಾರ್ರಿ ಇಳ್ಯಾವ್ರು?” ಕರೀಮಸಾಬ ಹಿಂದಕ್ಕೆ ಹೊರಳಿದ. “ಇಲ್ಲಿ ಊರೂ ಇಲ್ಲ, ಕೇರೀನೂ ಇಲ್ಲ.”

ಮೈತ್ರಿ ಕೆನ್ನೆ ಒರೆಸಿಕೊಂಡಳು.

“ಯಾರೂ ಇಳ್ಯಂಗಿಲ್ರಿ, ಕರೀಮ ಚಾಚಾ.”

ಪ್ರಬುದ್ಧ ಕೂತಲ್ಲಿಂದಲೇ ಕೈ ಚಾಚಿ, ಅವಳು ತಟ್ಟಿದ ಕಂಬಿಗೇ ಎರಡು ಸಲ ಬಡಿದ.