ಕೆಸರು ಸಾಹೇಬನ ಹಿಂದೆ ಹಿಂದೆ

"ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ರೆ ಸೊಂಟದ ತನಕ ಹೋಗ್ತೀರಿ!"

ಅವಳು ಬೆಚ್ಚಿಬಿದ್ದಳು. ಎತ್ತಿದ ಕಾಲು ಎತ್ತಿದಂತೆಯೇ ಇತ್ತು.

ನದಿ ಸಮುದ್ರ ಸೇರುವ ಜಾಗ ಅದು. ಉಬ್ಬರ ಬಂದಾಗ ದಡದಿಂದ ದಡಕ್ಕೆ ನೀರು, ಇಳಿತವಾದಾಗ ಕಣ್ಣು ಹಾಯುವಷ್ಟು ದೂರ ಬರೀ ಕೆಸರು. ಗುಡ್ಡವಿಲ್ಲ, ಮರವಿಲ್ಲ, ಎಲ್ಲಿ ನೋಡಿದರೂ ಚಪ್ಪಟೆ. ಆ ಕೆಸರಿನ ಅಂಚಿನಲ್ಲಿ ಬರೀ ಬೆಲ್ಟು ಹಿಡಿದು ನಿಂತಿದ್ದಳು ನಮ್ಮ ಕನ್ನಡಕದ ಅಂಗಡಿಯ ಹುಡುಗಿ. ಬೆಲ್ಟಿನ ತುದಿಯಲ್ಲಿರಬೇಕಾದ ನಾಯಿ ಬೆಳ್ಳಕ್ಕಿಗಳ ಹಿಂದೆ ಓಡಿಹೋಗಿ, ಹೊಟ್ಟೆಯವರೆಗೆ ಹೂತುಕೊಂಡು ಕುಂಯ್ಗುಡುತ್ತಿತ್ತು.

"ನನ್ನ ನಾಯಿ ರೀ ಅದು! ನೋಡ್ತಾ ನಿಂತ್ಕೊಳ್ಳೋಕಾಗುತ್ತಾ?"

"ನೀವು ಹೂತುಹೋದ್ರೆ ನಾಯಿ ಬಂದು ಎತ್ತುತ್ತಾ?"

ಎಂಥಾ ಮಾತು! ಉರಿದುಹೋಯಿತು ಅವಳಿಗೆ. ಆದರೆ ಕೂಗಿದವನು ಆಗಲೇ ಉದ್ದನೆಯ ಬಿದಿರುಗೋಲಿನಿಂದ ನೆಲ ಒತ್ತಿ ಒತ್ತಿ ನೋಡುತ್ತಾ ಹೊರಟಿದ್ದ. ನಾಯಿಯನ್ನು ಕಿತ್ತು ಹೆಗಲಿಗೇರಿಸಿಕೊಂಡು ಬಂದು ಅವಳ ಮುಂದಿಳಿಸಿದ. ಮುಖವೆಲ್ಲಾ ಕೆಸರು. ಅದರ ನಡುವೆ ಎರಡು ಕಣ್ಣು ಮಾತ್ರ ನಗುತ್ತಿದ್ದವು.

"ಹೆಸರೇನು ಇದರದ್ದು?"

"ಪುಕ್ಕಲ."

"ಸರಿಯಾಗೇ ಇಟ್ಟಿದೀರಿ."

ಬಂದರಿಗೆ ಹಡಗು ಬರುವ ದಾರಿಯಲ್ಲಿ ಹೂಳು ಎಷ್ಟು ತುಂಬಿದೆ ಎಂದು ಅಳೆಯುವುದು ಅವನ ಕೆಲಸ. ಊರಿಗೆಲ್ಲಾ ಅವನು ಕೆಸರು ಸಾಹೇಬ. ಆ ದಿನದಿಂದ ಇಳಿತದ ಹೊತ್ತಿಗೆ ಅವಳು ನಾಯಿ ಕಟ್ಟಿಕೊಂಡು ಹೊರಡುವುದು, ಅವನು ಕೆಲಸ ಮುಗಿಸಿ ಕಾಯುವುದು, ಮೂವರೂ ನದಿಯ ಪಕ್ಕದ ಕೆಸರಂಚಿನಲ್ಲಿ ಮೈಲಿಗಟ್ಟಲೆ ನಡೆಯುವುದು ರೂಢಿಯಾಯಿತು.

ನಡೆಯುವುದೆಂದರೆ ಹೇಗೆ? ಅಲ್ಲೇ ಇತ್ತು ತೊಂದರೆ!

ಅವನು ಮುಂದೆ, ಅವಳು ಹಿಂದೆ. ಪಕ್ಕಕ್ಕೆ ಬಂದರೆ ಬಿರಬಿರನೆ ಇನ್ನೂ ನಾಲ್ಕು ಹೆಜ್ಜೆ ಮುಂದೆ. ತಿರುಗಿ ನೋಡುವುದಂತೂ ಇಲ್ಲವೇ ಇಲ್ಲ. ಮಾತೆಲ್ಲಾ ಅವನ ಬೆನ್ನಿನ ಜೊತೆಗೆ! ಆ ಬೆನ್ನು ಮಾತ್ರ ಚೆನ್ನಾಗಿ ಮಾತಾಡುತ್ತಿತ್ತು, ನಗಿಸುತ್ತಿತ್ತು, ಅವಳ ನೆಗಡಿ ಹೋಯಿತೇ ಎಂದು ಮರೆಯದೆ ಕೇಳುತ್ತಿತ್ತು.

'ಬೆನ್ನನ್ನೇ ಪ್ರೀತಿಸಿಬಿಟ್ಟೆನಾ ನಾನು...' ಎಂದು ಅವಳಿಗೇ ಗಾಬರಿಯಾಯಿತು.

ನೆಮ್ಮದಿ ಹಾರಿಹೋಯಿತು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಓದುವ ಕನ್ನಡಕ ಕೇಳಿ ಬಂದ ಅಜ್ಜಿಯ ಕೈಗೆ ತಂಪು ಕನ್ನಡಕ ಇಟ್ಟು ಕಳಿಸಿದಳು. ಅಂಗಡಿ ಅಕ್ಕ-ಭಾವನದ್ದು, ಮನೆ ಅದರ ಮೇಲೆ. ಅಕ್ಕನ ಕಣ್ಣಿಗೆ ಏನೂ ತಪ್ಪುವಂತಿರಲಿಲ್ಲ.

"ಏನೇ ನಿನ್ನ ಕಥೆ? ಭಾವನ ಸ್ನೇಹಿತ ಆ ವಕೀಲರು ಮದುವೆಯಾಗ್ತೀಯಾ ಅಂತ ಕೇಳಿ ಎಷ್ಟು ದಿನ ಆಯ್ತು. ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಭಾನುವಾರ ಊಟಕ್ಕೆ ಬರ್ತಿದ್ದಾರೆ. ಇನ್ನು ಮುಂದೂಡೋಕೆ ನನ್ನ ಕೈಲಾಗಲ್ಲ."

"ಅವರ ಊರು ತುಂಬಾ ದೂರ ಅಕ್ಕ..."

"ದೂರ ಆದ್ರೇನು? ಒಳ್ಳೆಯವರು. ನಾಯಿ ಮಾತ್ರ ಅವರಿಗೆ ಆಗಲ್ವಂತೆ, ಸೀನು ಬರುತ್ತಂತೆ. ಪುಕ್ಕಲ ನಮ್ಮ ಹತ್ರನೇ ಇರಲಿ ಬಿಡು."

ಹೂಂ ಅಂದರೆ ನದಿಯೂ ಇಲ್ಲ, ನಾಯಿಯೂ ಇಲ್ಲ, ಆ ಬೆನ್ನೂ ಇಲ್ಲ. ಊಹೂಂ ಅನ್ನೋಣವೆಂದರೆ ಯಾವ ಧೈರ್ಯದ ಮೇಲೆ? ಅವನು ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ತಾನೇ!

ಶನಿವಾರ ಅವನಿಗೆ ಪೇಟೆಯಲ್ಲಿ ಹಗ್ಗ ಕೊಳ್ಳುವುದಿತ್ತು. "ನಾನೂ ಬರ್ತೀನಿ," ಎಂದು ಹೊರಟಳು. ಅಗಲವಾದ ಕಲ್ಲುಹಾಸಿನ ಬೀದಿ, ನಾಲ್ಕು ಜನ ಸಾಲಾಗಿ ನಡೆಯಬಹುದು. ಅಲ್ಲೂ ಅವನು ಮುಂದೆ! ಅವಳು, ಪುಕ್ಕಲ ಹಿಂದೆ ಹಿಂದೆ.

ಮೀನು ಮಾರುವಾಕೆ ಕಂಠ ಬಿಚ್ಚಿ ಕೇಳಿಯೇಬಿಟ್ಟಳು. "ಏನಮ್ಮಾ ಕನ್ನಡಕದಮ್ಮ! ಸಾಹೇಬ್ರನ್ನ ನಾಯಿ ಅಟ್ಟಿಸ್ಕೊಂಡು ಹೋಗ್ತಿದೆಯೋ, ನೀನೋ?"

ಬೀದಿಗೆ ಬೀದಿಯೇ ನಕ್ಕಿತು. ಅವನು ತಿರುಗಲಿಲ್ಲ. ಮುಂದೆ ಹೋಗುತ್ತಲೇ ಇದ್ದ.

'ನನ್ನ ಜೊತೆ ಕಾಣಿಸ್ಕೊಳ್ಳೋಕೆ ಇವನಿಗೆ ನಾಚಿಕೆ! ಛೇ, ನನಗೆ ಇಷ್ಟು ದಿನ ಅರ್ಥವೇ ಆಗಲಿಲ್ಲವಲ್ಲ...' ಕಣ್ಣು ತುಂಬಿ ಬಂತು. ಹೇಳದೆ ಕೇಳದೆ ಪಕ್ಕದ ಓಣಿಗೆ ಹೊಕ್ಕು ಮನೆ ಸೇರಿದಳು. "ಅಕ್ಕ, ನಾಳೆ ವಕೀಲರಿಗೆ ಹೂಂ ಅಂತೀನಿ," ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಅಕ್ಕ ಬಂದು ಬಾಗಿಲು ತಟ್ಟಿದರೂ ತೆಗೆಯಲಿಲ್ಲ.

ಭಾನುವಾರ ಬೆಳಿಗ್ಗೆ ಮನೆಯೆಲ್ಲಾ ಗಡಿಬಿಡಿ. ಅವಳಿಗೆ ಮಾತ್ರ ಒಳಗೆ ನಿಲ್ಲಲಾಗಲಿಲ್ಲ. ಪುಕ್ಕಲನನ್ನು ಕೊನೆಯ ಸಲ ತಿರುಗಾಡಿಸಿಕೊಂಡು ಬರುತ್ತೇನೆಂದು ನದಿಯ ಕಡೆ ಬಂದಳು.

ಮಣ್ಣಿನ ಒಡ್ಡಿನ ಮೇಲೆ ಅವನು ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ನಿನ್ನೆ ಎಲ್ಲಿ ಹೋದ್ರಿ? ಪೇಟೆಯೆಲ್ಲಾ ಹುಡುಕಿದೆ."

"ಇವತ್ತು ಮದುವೆಗೆ ಒಪ್ಪಿಗೆ ಕೊಡ್ತಿದೀನಿ. ಭಾವನ ಸ್ನೇಹಿತರು. ದೂರದ ಊರು."

ಅವನ ಮುಖ ಬಿಳಿಚಿಕೊಂಡಿತು. "ಒಳ್ಳೇದು," ಎಂದು ಹೇಳಿ ಎಂದಿನಂತೆ ಮುಂದೆ ನಡೆದ.

ಅಷ್ಟೇನಾ? ಅವಳು ನಾಲ್ಕು ಹೆಜ್ಜೆ ಹಿಂಬಾಲಿಸಿದಳು. ಆಮೇಲೆ ತಟಕ್ಕನೆ ನಿಂತುಬಿಟ್ಟಳು.

ತಕ್ಷಣವೇ ಅವನೂ ನಿಂತ. ತಿರುಗದೆಯೇ ಕೇಳಿದ. "ಯಾಕೆ ನಿಂತ್ರಿ? ಕಾಲು ನೋಯ್ತಿದೆಯಾ?"

"ನಾನು ನಿಂತಿದ್ದು ನಿಮಗೆ ಹೇಗೆ ಗೊತ್ತಾಯ್ತು?"

"ನಿಮ್ಮ ಹೆಜ್ಜೆ ಕೇಳಿಸ್ಲಿಲ್ಲವಲ್ಲ. ಎಡಗಾಲು ಸ್ವಲ್ಪ ಎಳೆದು ಹಾಕ್ತೀರಿ. ದಣಿದ್ರೆ ಇನ್ನೂ ಜಾಸ್ತಿ. ಆಗ ನಾನು ನಿಧಾನ ಮಾಡ್ತೀನಿ. ನಿನ್ನೆ ಆ ಪೇಟೆ ಗಲಾಟೆಯಲ್ಲಿ... ಕೇಳಿಸದೇ ಹೋಯ್ತು."

"ಕಿವಿ ಕೊಟ್ಟು ಕೇಳೋ ಬದಲು ಪಕ್ಕದಲ್ಲಿ ನಡೆದ್ರೆ ಏನಾಗುತ್ತಿತ್ತು? ಜನ ನೋಡ್ತಾರೆ ಅಂತ ನಾಚಿಕೆನಾ?"

"ನಾಚಿಕೆನಾ?" ಈಗ ಅವನು ತಿರುಗಿದ. ನಿಜವಾಗಿಯೂ ತಬ್ಬಿಬ್ಬಾಗಿದ್ದ. "ಕೆಸರಲ್ಲಿ ಯಾರೂ ಅಕ್ಕಪಕ್ಕ ನಡೆಯಲ್ಲ ರೀ! ನೆಲ ಕುಸಿದ್ರೆ ಇಬ್ಬರೂ ಒಟ್ಟಿಗೆ ಹೋಗ್ತೀವಿ, ಎಳೆಯೋಕೆ ಒಬ್ಬರಾದ್ರೂ ಗಟ್ಟಿ ನೆಲದ ಮೇಲೆ ಇರ್ಬೇಕಲ್ಲ? ಮೊದಲು ನಾನು ಕಾಲಿಡ್ತೀನಿ. ಏನಾದ್ರೂ ಆದ್ರೆ ನನಗೇ ಆಗಲಿ ಅಂತ... ಹಿಂದೆ ತಿರುಗಿದ್ರೆ ಮುಂದಿನ ಹೆಜ್ಜೆ ತಪ್ಪುತ್ತೆ."

"ಅಯ್ಯೋ ಮಹಾರಾಯ! ಪೇಟೆಯಲ್ಲಿ ಎಲ್ಲಿತ್ತು ಕೆಸರು?"

ಅವನು ಆ ಬೀದಿಯನ್ನು ನೆನಪಿಸಿಕೊಳ್ಳುತ್ತಿದ್ದನೇನೋ.

"ಇರಲಿಲ್ಲ," ಎಂದ ಮೆಲ್ಲಗೆ. "ಅಭ್ಯಾಸ ಆಗಿಬಿಟ್ಟಿದೆ. ನನಗೆ ಹೊಳೆಯಲೇ ಇಲ್ಲ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ನಾಯಿ ಇವರಿಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಾ ಬಾಲ ಅಲ್ಲಾಡಿಸಿತು.

"ಮತ್ತೆ ಒಳ್ಳೇದು ಅಂದ್ರಲ್ಲ? ನಾನು ಹೋಗೋದು ಒಳ್ಳೇದಾ?"

"ಇಲ್ಲ."

"ಜೋರಾಗಿ ಹೇಳಿ."

"ಹೋಗ್ಬೇಡಿ! ನಿಮ್ಮ ಹೆಜ್ಜೆ ಕೇಳದೆ ಇದ್ದ ದಿನ ನನಗೆ ಕೆಲಸ ಓಡಲ್ಲ, ಊಟ ಸೇರಲ್ಲ. ನಿನ್ನೆಯಿಂದ ಹುಚ್ಚನಂಗೆ ತಿರುಗ್ತಿದೀನಿ. ಇಂಥದ್ದೆಲ್ಲಾ ಹೇಳೋಕೆ ನನಗೆ ಬರಲ್ಲ. ಆದ್ರೆ ನೀವು ಬೇಕು. ನೀವೇ ಬೇಕು!"

ಅವಳು ಅಲ್ಲೇ ನಿಂತು ಫೋನು ತೆಗೆದಳು.

"ಅಕ್ಕ, ವಕೀಲರಿಗೆ ಬರಬೇಡಿ ಅಂತ ಹೇಳು."

"ಬರಬೇಡಿ ಅನ್ನೋದೇನು, ಬಂದು ಸೋಫಾದ ಮೇಲೆ ಕೂತಾಗಿದೆ! ನಾಯಿ ಕೂದಲಿಗೆ ಸೀನ್ತಾ ಇದ್ದಾರೆ."

"ಅಕ್ಕ... ಊಹೂಂ. ನನ್ನ ಉತ್ತರ ಊಹೂಂ."

ಹಿನ್ನೆಲೆಯಲ್ಲಿ ಒಂದು ಸೀನು ಕೇಳಿಸಿತು.

"ಆ ಕೆಸರು ಸಾಹೇಬನಾ?"

"ಹೂಂ."

"ಬಾಯಿಬಿಟ್ಟನಾ ಕೊನೆಗೂ? ಸರಿ, ವಕೀಲರಿಗೆ ನಾನು ಹೇಳ್ಕೋತೀನಿ. ಬೈಸಿಕೊಳ್ಳೋದಕ್ಕೆ ನಿಮ್ಮ ಭಾವ ಇದ್ದಾರೆ. ಅವನನ್ನ ಕರ್ಕೊಂಡು ಬಾ. ಕಾಲು ತೊಳೆದು ಒಳಗೆ ಬರೋಕೆ ಹೇಳು ಮತ್ತೆ!"

ಫೋನು ಇಟ್ಟು ಅವಳು ಅವನನ್ನು ನೋಡಿದಳು. ಅವನು ಬೆವರುತ್ತಿದ್ದ.

"ಏನಾಯ್ತು?"

"ಹೆದರಿಕೆ ಆಗ್ತಿದೆ. ನಿಮ್ಮ ಅಕ್ಕ, ಭಾವ, ಆ ವಕೀಲರು... ಎಲ್ಲರೂ ಇದ್ದಾರಲ್ಲ?"

"ಹಾಗಾದ್ರೆ ನಾನು ಮೊದಲು ಹೋಗ್ತೀನಿ. ನೀವು ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಬೈಗುಳ ಏನಿದ್ರೂ ನನಗೇ ಬೀಳಲಿ."

ಅವನು ಅಡ್ಡಡ್ಡ ತಲೆಯಾಡಿಸಿದ. ಕೆಸರು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳ ಕೈ ಹಿಡಿದ.

"ಬೇಡ. ಮುಳುಗಿದ್ರೆ ಇಬ್ಬರೂ ಮುಳುಗೋಣ. ನಡಿ."