ಹನ್ನೆರಡನೆಯ ಸ್ವಿಚ್ಚು

"ನಮ್ಮತ್ತೆಗೆ ಅರಳುಮರುಳು ಆಗಿಲ್ಲ ಅಂತ ಹೇಳಿ ಪುಟ್ಟಕ್ಕ. ಇಲ್ಲ, ಆಗಿದೆ ಅಂತಾನಾದ್ರೂ ಹೇಳಿ. ಹೀಗೆ ನಡುವೆ ನೇತಾಡೋಕೆ ನನ್ನ ಕೈಲಾಗಲ್ಲ."

ಆ ಭಾನುವಾರ ಹಿರೇನಲ್ಲೂರಿನಿಂದ ಬಸ್ಸು ಹಿಡಿದು ಬಂದಿದ್ದ ನಯನ, ಕೊಟ್ಟ ನೀರನ್ನೂ ಕುಡಿಯದೆ ಇಷ್ಟು ಹೇಳಿದಳು. ಪುಟ್ಟಲಕ್ಷ್ಮಿ ಹುರುಳಿಕಾಳು ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು. ಬೀರೂರು ಜಂಕ್ಷನ್ನಿನ ಟಿಕೆಟ್ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತಳಾದವಳು ನನ್ನ ಈ ಗೆಳತಿ. ಬಿಡಿಸಲಾಗದ ಗಂಟುಗಳನ್ನು ಹೊತ್ತು ಜನ ಅವಳ ಮನೆಗೆ ಬರುತ್ತಿದ್ದರು. ಪಕ್ಕದ ಮನೆಯ ಶಿಕ್ಷಕಿ ನಾನು, ಶಾಲೆಗೆ ರಜೆಯಿದ್ದರೆ, ಜೊತೆಗಿರುತ್ತಿದ್ದೆ.

"ಮೊದಲಿಂದ ಹೇಳು," ಅಂದಳು ಪುಟ್ಟಲಕ್ಷ್ಮಿ.

ಒಂದು ತಿಂಗಳ ಹಿಂದೆ ನಯನಳ ಗಂಡ ತೀರ್ಥೇಶ್ ಮನೆಗೆಲ್ಲ ಸ್ಮಾರ್ಟ್ ಸ್ವಿಚ್ ಹಾಕಿಸಿದ್ದ. ಬೆರಳು ತಾಗಿಸಿದರೂ ದೀಪ ಹತ್ತುತ್ತಿತ್ತು, ಫೋನಿನಿಂದಲೂ ಹತ್ತುತ್ತಿತ್ತು. ಅಂದಿನಿಂದ ಅತ್ತೆ ಕರಿಯಮ್ಮನ ಕೋಣೆಯ ದೀಪ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತಾನಾಗಿ ಹತ್ತುತ್ತಿತ್ತು. ಕರಿಯಮ್ಮ ತಾನು ಮುಟ್ಟಿಲ್ಲ ಅನ್ನುತ್ತಿದ್ದರು. ಫೋನಿನಲ್ಲಿ ನೋಡಿದರೆ ಅದನ್ನು ಹಚ್ಚಿದ ಗುರುತೇ ಇರಲಿಲ್ಲ. ಹಾಗಾದರೆ ಮುದುಕಿಯೇ ಮುಟ್ಟಿ ಮರೆಯುತ್ತಿದ್ದಾಳೆ ಎಂದು ಮನೆಯವರು ತೀರ್ಮಾನಿಸಿದ್ದರು.

"ದೀಪ ಮರೆತೋರು ನಾಳೆ ಗ್ಯಾಸ್ ಮರೀತಾರೆ ಅಂತ ನಮ್ಮ ಮೈದುನ ಮಹೇಂದ್ರ ಒಲೆ ಹತ್ರ ಬಿಡಬೇಡಿ ಅಂದ್ಬಿಟ್ಟ. ಬುಧವಾರ ಶಿವಮೊಗ್ಗದಲ್ಲಿ ನರದ ಡಾಕ್ಟ್ರಿಗೆ ತೋರಿಸ್ಬೇಕು. ನಲವತ್ತು ವರ್ಷ ಆ ಒಲೆ ಮುಂದೆ ನಿಂತೋರು ಕಣಕ್ಕ. ಈಗ ಬಾಗಿಲಲ್ಲಿ ನಿಂತು 'ಉಪ್ಪು ಹಾಕಿದ್ಯೇನೇ' ಅಂತಾರೆ. ನಾನು ತಿರುಗಿ ನೋಡಲ್ಲ. ನೋಡಿದ್ರೆ ಅಳು ಬರುತ್ತೆ."

ದೀಪ ಹತ್ತಿದ ಹೊತ್ತನ್ನೆಲ್ಲ ಅವಳು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ರೈಲಿನ ವೇಳಾಪಟ್ಟಿ ಓದುವಂತೆ ಪುಟ್ಟಲಕ್ಷ್ಮಿ ಅದರ ಮೇಲೆ ಬೆರಳಾಡಿಸಿದಳು. ದಿನವೂ ಬೆಳಗ್ಗೆ ಆರರ ಆಸುಪಾಸು, ಸಂಜೆ ಆರೂವರೆಯ ಆಸುಪಾಸು. ಹದಿನಾಲ್ಕು, ಹದಿನೈದು, ಹದಿನಾರನೇ ತಾರೀಖಿನ ಎದುರು 'ಇಲ್ಲ'. ಹದಿನೇಳರ ಬೆಳಗ್ಗೆಯಿಂದ ಮತ್ತೆ ಶುರು. ಬೆರಳು ಅಲ್ಲಿಯೇ ನಿಂತಿತು.

"ಈ ಮೂರು ದಿನ ನಿಮ್ಮತ್ತೆ ಎಲ್ಲಿದ್ರು?"

"ಮನೇಲೇ. ಅದೇ ರೂಮಲ್ಲಿ."

"ನೀನು ಆ ಮೂರು ದಿನ ದೇವರ ಮನೆಗೆ ಹೋಗಿದ್ಯೇನೇ?"

ನಯನ ಕಣ್ಣರಳಿಸಿದಳು. "ಹೋಗಿದ್ದೆ. ಯಾಕಕ್ಕ?"

"ಸುಮ್ನೆ. ನಡಿ, ನಿಮ್ಮ ಮನೆ ನೋಡೋಣ."

ಹಿರೇನಲ್ಲೂರಿನ ಆ ಮನೆಗೆ ಹೊಸದಾಗಿ ಸುಣ್ಣದಂಥ ಬಿಳಿ ಬಣ್ಣ ಬಳಿದಿದ್ದರು. ಕರಿಯಮ್ಮ ತಮ್ಮ ಕೋಣೆಯ ಮಂಚದ ಮೇಲೆ ಕೈಯೆರಡನ್ನೂ ಮಡಿಲಲ್ಲಿಟ್ಟು ಕೂತಿದ್ದರು, ಅವು ಏನಾದರೂ ಮಾಡಿಬಿಟ್ಟಾವು ಎಂದು ಕಾವಲು ಕಾಯುವವರಂತೆ.

"ದೀಪ ಹತ್ತಿದಾಗ ನೀವೇನ್ಮಾಡ್ತೀರಿ?" ಪುಟ್ಟಲಕ್ಷ್ಮಿ ಕೇಳಿದಳು.

"ಆರಿಸ್ತೀನಿ ಕಣವ್ವ, ಇನ್ನೇನು. ಯಾರಾದ್ರೂ ನೋಡೋಕ್ಮುಂಚೆ."

ಪುಟ್ಟಲಕ್ಷ್ಮಿ ಗೋಡೆಯ ಸ್ವಿಚ್ಚಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ ನನ್ನನ್ನು ಕರೆದಳು. ಗಾಜಿನ ಅಂಚಿನುದ್ದಕ್ಕೂ ಕೂದಲೆಳೆಯಷ್ಟು ತಿಳಿಹಸಿರು ಬಣ್ಣವಿತ್ತು. ಆಮೇಲೆ ಮನೆಯೆಲ್ಲ ಸುತ್ತಿ ಸ್ವಿಚ್ಚುಗಳನ್ನು ಎಣಿಸಿದಳು. ಹನ್ನೆರಡು. ತೀರ್ಥೇಶನ ಫೋನಿನ ಪಟ್ಟಿಯಲ್ಲಿದ್ದವು ಹನ್ನೊಂದೇ.

"ಅಮ್ಮನ ರೂಮಿಂದು ಸೇರಿಸಿಲ್ಲ," ಅಂದ ಅವನು. "ಅಜ್ಜಿಗೆ ಫೋನ್ ಗೀನ್ ಯಾಕೆ, ಕೈಯಲ್ಲೇ ಒತ್ಕೋತಾರೆ ಅಂದ ಎಲೆಕ್ಟ್ರಿಷಿಯನ್ ಭೈರೇಶ್. ಬೀರೂರಿನೋನು. ಎರಡು ಸಲ ಫೋನ್ ಮಾಡಿ ಕೇಳ್ದೆ, ಸ್ವಿಚ್ ಸರಿಯಾಗಿದೆ ಅಂದ."

ಸೋಮವಾರ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಭೈರೇಶನ ಮನೆ ಹುಡುಕಿಕೊಂಡು ಹೋದೆವು. ಅವನು ಅಜ್ಜಂಪುರಕ್ಕೆ ಕೆಲಸಕ್ಕೆ ಹೋಗಿದ್ದ. ಹೆಂಡತಿ ಬೃಂದಾ ಕೂರಲು ಹೇಳಿದಳು. ಮನೆಯಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ. ಗೋಡೆಗಳೆಲ್ಲ ತಿಳಿಹಸಿರು. ಹಾಲಿನಲ್ಲಿ ಒಂದು ಸ್ವಿಚ್ಚಿನ ಜಾಗಕ್ಕೆ ರಟ್ಟು ಮುಚ್ಚಿದ್ದರು.

"ನಮ್ಮನೆಗೂ ಸ್ಮಾರ್ಟ್ ಸ್ವಿಚ್ ಹಾಕಿಸೋಣ ಅಂತ ಕಣಮ್ಮ," ಅಂದಳು ಪುಟ್ಟಲಕ್ಷ್ಮಿ. "ಯಾವುದು ಒಳ್ಳೇದು?"

ಬೃಂದಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಯಾವುದೂ ಬೇಡಕ್ಕ. ಗಿರಾಕಿಗಳಿಗೆ ತೋರ್ಸೋಕೆ ಅಂತ ನಮ್ಮವರು ಇಲ್ಲೂ ಹಾಕಿದ್ರು. ದೇವರ ಮನೇಲಿ ನಾನು ಲೈಟ್ ಹಾಕಿ, ದೀಪ ಹಚ್ಚಿ ಕೈ ಮುಗಿಯೋ ಹೊತ್ತಿಗೆ ಲೈಟ್ ಆರಿಹೋಗುತ್ತೆ. ಒಂದು ತಿಂಗಳಾಯ್ತು. ಇವರಿಗೆ ಹೇಳಿದ್ರೆ ನಗ್ತಾರೆ." ಸೆರಗಿನ ತುದಿಯನ್ನು ಸುತ್ತುತ್ತಾ ಸುತ್ತುತ್ತಾ ಅಂದಳು, "ಮದುವೆಯಾಗಿ ಏಳು ವರ್ಷ. ಮಕ್ಕಳಿಲ್ಲ. ದೇವರಿಗೂ ನಾನು ಬೇಡವೇನೋ ಅನ್ಸುತ್ತೆ."

ಪುಟ್ಟಲಕ್ಷ್ಮಿ ಅವಳ ಕೈ ಹಿಡಿದುಕೊಂಡಳು. "ನಾಳೆ ಸಂಜೆ ಗಂಡನ್ನ ಕರ್ಕೊಂಡು ಹಿರೇನಲ್ಲೂರಿಗೆ ಬಾ. ದೇವರ ಮೇಲೆ ಹೊರಿಸೋ ತಪ್ಪಲ್ಲ ಇದು."

ಮಂಗಳವಾರ ಸಂಜೆ ಕರಿಯಮ್ಮನ ಕೋಣೆಯಲ್ಲಿ ಎಲ್ಲರೂ ಸೇರಿದೆವು. ತೀರ್ಥೇಶ್, ನಯನ, ಮಹೇಂದ್ರ ಒಂದು ಕಡೆ. ಭೈರೇಶ್, ಬೃಂದಾ ಬಾಗಿಲ ಬಳಿ.

"ನನ್ನ ಕೆಲಸದಲ್ಲಿ ತಪ್ಪಿಲ್ಲ ಕಣಕ್ಕ," ಕೇಳುವ ಮೊದಲೇ ಅಂದ ಭೈರೇಶ್.

"ಇರ್ಲಿ ಮಾರಾಯ. ನಿನ್ನ ಫೋನ್ ತೆಗೆದು ನಿಮ್ಮನೆ ದೇವರ ಮನೆ ಲೈಟ್ ಹಾಕು."

ಅವನು ಕದಲಲಿಲ್ಲ. ಬೃಂದಾ ಅವನ ಜೇಬಿನಿಂದ ತಾನೇ ಫೋನ್ ತೆಗೆದು ಒತ್ತಿದಳು. ಕರಿಯಮ್ಮನ ತಲೆಯ ಮೇಲಿನ ದೀಪ ಝಗ್ಗನೆ ಹತ್ತಿತು. ಯಾರೂ ಗೋಡೆಯ ಹತ್ತಿರವೂ ಇರಲಿಲ್ಲ.

ನಯನ ಬಾಯಿಗೆ ಕೈಯಿಟ್ಟುಕೊಂಡಳು.

"ಮೊದಲು ನನಗೆ ಸಿಕ್ಕಿದ್ದು ನಯನನ ಪುಸ್ತಕ," ಪುಟ್ಟಲಕ್ಷ್ಮಿ ಶುರುಮಾಡಿದಳು. "ಸ್ವಿಚ್ ಕೆಟ್ಟಿದ್ರೆ ಹೊತ್ತುಗೊತ್ತು ಇರ್ತಿರ್ಲಿಲ್ಲ. ಇದಕ್ಕಿತ್ತು. ಬೆಳಗ್ಗೆ, ಸಂಜೆ, ದೇವರಿಗೆ ದೀಪ ಹಚ್ಚೋ ಹೊತ್ತು. ಮೂರು ದಿನ ನಿಂತು ನಾಲ್ಕನೇ ಬೆಳಗ್ಗೆ ಮತ್ತೆ ಶುರುವಾಗಿತ್ತು. ಇದನ್ನ ಗಂಡಸರು ಮರೆವು ಅಂದ್ರು."

ಮಹೇಂದ್ರ ಸೂರನ್ನು ನೋಡತೊಡಗಿದ. ತೀರ್ಥೇಶ್ ಕೆಮ್ಮಿದ.

"ತಿಂಗಳಲ್ಲಿ ಮೂರು ದಿನ ದೇವರ ಮನೆಗೆ ಹೋಗದೆ, ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು ಹೋಗೋದು ಯಾರು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕರಿಯಮ್ಮೋರಿಗೆ ಆ ವಯಸ್ಸು ದಾಟಿದೆ. ನಯನ ಆ ಮೂರು ದಿನಾನೂ ದೀಪ ಹಚ್ಚಿದ್ಲು. ಅಂದ್ಮೇಲೆ ಬೇರೆ ಮನೆ, ಬೇರೆ ಹೆಂಗಸು. ಆ ಮನೆ ಯಾವುದು? ಬಿಳಿ ಗೋಡೆಯ ಸ್ವಿಚ್ಚಿನ ಅಂಚಲ್ಲಿ ಹಸಿರು ಬಣ್ಣ ಇತ್ತು. ಅದು ಇನ್ನೊಂದು ಗೋಡೇಲಿ ಇದ್ದು ಬಂದಿದ್ದು. ತೀರ್ಥೇಶನ ಫೋನಲ್ಲಿ ಅದೊಂದೇ ಇರ್ಲಿಲ್ಲ. ಹಾಗಾದ್ರೆ ಅದು ಯಾರ ಫೋನಲ್ಲಿತ್ತು? ತಂದು ಹಾಕಿದವನದ್ರಲ್ಲೇ. ಇನ್ನು ನೀನೇ ಹೇಳಪ್ಪ ಭೈರೇಶ್."

ಭೈರೇಶ್ ನೆಲ ನೋಡುತ್ತಾ ಹೇಳಿದ. ತರಿಸಿದ ಸ್ವಿಚ್ಚುಗಳಲ್ಲಿ ಒಂದು ಕಡಿಮೆ ಬಂದಿತ್ತು. ತನ್ನ ಮನೆಯ ಹಾಲಿನಲ್ಲಿ ತೋರಿಸಲು ಇಟ್ಟದ್ದನ್ನು ಕಿತ್ತು, ಒರೆಸಿ, ಹೊಸದೆಂದು ಇಲ್ಲಿ ಕೂರಿಸಿದ್ದ. ಮೆಟ್ಟಿಲ ದೀಪವನ್ನು ಮೇಲಿಂದಲೂ ಕೆಳಗಿಂದಲೂ ಹಚ್ಚುವಂತೆ, ಒಂದನ್ನು ಮುಟ್ಟಿದರೆ ಎರಡೂ ಹತ್ತುವ, ಎರಡೂ ಆರುವ ಹಾಗೆ, ಗಿರಾಕಿಗಳಿಗೆ ತೋರಿಸಲು ಅವನು ಆ ಸ್ವಿಚ್ಚನ್ನು ದೇವರ ಮನೆಯದಕ್ಕೆ ಫೋನಿನಲ್ಲೇ ಜೋಡಿಸಿದ್ದ. ಸರಿಯಿದೆಯೇ ನೋಡಲು ಇಲ್ಲಿನ ವೈಫೈಗೆ ಸೇರಿಸಿದವನು ಆ ಜೋಡಿಯನ್ನು ಬಿಡಿಸಲು ಮರೆತಿದ್ದ.

"ಮರೆತಿದ್ದು ಮೊದಲ ದಿನ," ಪುಟ್ಟಲಕ್ಷ್ಮಿ ಅಂದಳು. "ತೀರ್ಥೇಶ್ ಎರಡನೇ ಸಲ ಫೋನ್ ಮಾಡಿದಾಗ?"

"ಗೊತ್ತಾಯ್ತು," ಅವನ ದನಿ ಕೆಳಗಿಳಿಯಿತು. "ಬಿಚ್ಚಿದ್ರೆ ಹಳೇದು ಅಂತ ತಿಳಿಯುತ್ತೆ ಅಂತ ಸುಮ್ಮನಿದ್ದೆ. ಅಜ್ಜಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾರೆ ಅಂತ ದೇವರಾಣೆ ಗೊತ್ತಿರ್ಲಿಲ್ಲ."

"ನಾನು ಒಂದು ತಿಂಗಳು ಅಳ್ತಾ ಇದ್ದೆ," ಬೃಂದಾ ಗಂಡನಿಗೆ ಅಂದಳು. "ಅದು ಗೊತ್ತಿತ್ತಲ್ಲ."

ಬೃಂದಾ ಅವನನ್ನು ಬಿಟ್ಟು ಬಂದು ಮಂಚದ ಅಂಚಿನಲ್ಲಿ ಕೂತಳು. "ಹಾಗಾದ್ರೆ ಆರಿಸ್ತಿದ್ದಿದ್ದು ನೀವೇನಾ ಅಜ್ಜಿ?"

"ಅಯ್ಯೋ ನನ್ನವ್ವ, ಹಚ್ತಿದ್ದಿದ್ದು ನೀನೇನಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಕರಿಯಮ್ಮನಿಗೆ ನಗು ಬಂತು, ಆಮೇಲೆ ಬೃಂದಾಳಿಗೆ. ನಗುತ್ತಲೇ ಇಬ್ಬರೂ ಕಣ್ಣೊರೆಸಿಕೊಂಡರು.

ತೀರ್ಥೇಶ್ ಹೊರಗೆ ಹೋಗಿ ಶಿವಮೊಗ್ಗಕ್ಕೆ ಫೋನ್ ಮಾಡಿ, ನಾಳೆ ಬರುವುದಿಲ್ಲವೆಂದು ಹೇಳಿ ಬಂದ. "ಅಮ್ಮ, ನಿನ್ನ ರೂಮಿಗೆ ಹೊಸದೇ ಹಾಕಿಸ್ತೀನಿ. ಯಾವುದು ಬೇಕು ನೀನೇ ಹೇಳು."

"ಒತ್ತಿದ್ರೆ ಟಕ್ ಅನ್ಬೇಕು ಕಣಪ್ಪ. ಒತ್ತಿದ್ದು ನಾನೇ ಅಂತ ನನಗೆ ಗೊತ್ತಾಗ್ಬೇಕು."

ಮಹೇಂದ್ರ ಏನೋ ಹೇಳಲು ಬಾಯಿ ತೆರೆದ. ಕರಿಯಮ್ಮ ಕೈಯೆತ್ತಿ ತಡೆದರು. "ನೀನು ಒಲೆ ಹತ್ರ ಬಿಡಬೇಡಿ ಅಂದಿದ್ದಕ್ಕೆ ನನಗೆ ಬೇಜಾರಾಗ್ಲಿಲ್ಲ ಕಣೋ. ನೀನು ಹೇಳಿದ್ದನ್ನ ನಾನೇ ನಂಬ್ಬಿಟ್ಟಿದ್ದೆ. ಮಲಗೋ ಮುಂಚೆ ಸತ್ತೋರು, ಬದುಕಿರೋರು, ಎಲ್ಲರ ಹೆಸರೂ ಒಂದೊಂದಾಗಿ ಹೇಳ್ಕೋತಿದ್ದೆ, ಯಾರಾದ್ರೂ ಬಿಟ್ಟುಹೋದ್ರಾ ಅಂತ. ದಿನಾ ಹೇಳ್ಕೊಂಡೆ."

ನಯನ ಅತ್ತೆಯ ಮಡಿಲಿನಿಂದ ಆ ಎರಡು ಕೈಗಳನ್ನೂ ಎತ್ತಿ ತನ್ನ ಕೈಗಳಲ್ಲಿ ಹಿಡಿದಳು. "ಯಾರಾದ್ರೂ ಬಿಟ್ಟುಹೋದ್ರಾ ಅತ್ತೆ?"

"ಒಬ್ಬರೂ ಇಲ್ಲ ಕಣೇ," ಅಂದರು ಕರಿಯಮ್ಮ. "ಇವತ್ತು ಹೇಳ್ಕೊಳ್ಳಲ್ಲ. ಸುಮ್ನೆ ನಿದ್ದೆ ಮಾಡ್ತೀನಿ."